ನಂಬರ್ ಹೇಳಿ, ಬೆನ್

ಸಿಟ್ಟು ನನಗೆ ತವರಿನಿಂದ ಬಂದ ಬಳುವಳಿ ಎಂದು ನನ್ನ ಗಂಡ ಹೇಳುವುದುಂಟು. ಇದ್ದರೂ ಇರಬಹುದು. ಆದರೆ ಅಹಮದಾಬಾದಿನ ಆ ದೀಪಾವಳಿಯ ನಂತರ ಬಂದ ಸಿಟ್ಟನ್ನು ತವರಿನ ಲೆಕ್ಕಕ್ಕೆ ಹಾಕಲು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದನ್ನು ಕೊಟ್ಟವರು ಬೇರೆ. ತಂಪು ಕೋಣೆಯಲ್ಲಿ ಕೂತು, ಚಹಾ ಕುಡಿಯುತ್ತ ಕೊಟ್ಟರು.

ಗಂಡನನ್ನು ಬ್ಯಾಂಕಿನವರು ಧಾರವಾಡದಿಂದ ಅಹಮದಾಬಾದಿಗೆ ವರ್ಗ ಮಾಡಿದಾಗ ನಾನೂ ಗಂಟುಮೂಟೆ ಕಟ್ಟಿ ಬಂದಿದ್ದೆ. ಬೋಡಕ್‌ದೇವ್‌ನ ಖಾಸಗಿ ಕಂಪನಿಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಮ್ಲ, ದ್ರಾವಕ ಇಂಥವನ್ನು ಟ್ಯಾಂಕರ್‌ಗಳಲ್ಲಿ ತುಂಬಿಸಿ ಕಾರ್ಖಾನೆಗಳಿಗೆ ಕಳಿಸುವ ಕಂಪನಿ ಅದು. ಮುಖ್ಯ ಕಚೇರಿ ನಮ್ಮದು, ವಡೋದರಾದ ಆಲ್ಕಾಪುರಿಯಲ್ಲಿ ಒಂದು ಶಾಖೆ, ಸೂರತ್‌ನಲ್ಲಿ ಇನ್ನೊಂದು. ಯಾವ ಟ್ಯಾಂಕರ್ ಯಾವ ಕಾರ್ಖಾನೆಗೆ ಹೋಗಬೇಕು ಎಂಬ ರವಾನೆ ಆದೇಶ ಕಂಪ್ಯೂಟರಿನಿಂದಲೇ ಹೊರಡುತ್ತಿತ್ತು. ಅದರ ಪಾಸ್‌ವರ್ಡ್ ಮೂರೂ ಊರಿನಲ್ಲಿ ಚಹಾ ತರುವವನಿಗೂ ಗೊತ್ತಿತ್ತು. ಇದನ್ನು ಕಂಡ, ವಡೋದರಾ ಪಕ್ಕದ ಕೊಯಾಲಿ ಕಡೆಯ ಒಬ್ಬ ದೊಡ್ಡ ಗಿರಾಕಿ, ಹೀಗಾದರೆ ನಿಮ್ಮ ಟ್ಯಾಂಕರ್ ನಮ್ಮ ಗೇಟಿನೊಳಗೆ ಬರುವಂತಿಲ್ಲ ಎಂದು ಪಟ್ಟು ಹಿಡಿದರು. ಹಾಗಾಗಿ ಟೋಕನ್‌ಗಳು ಬಂದವು.

ಟೋಕನ್ ಎಂದರೆ ಕೀಲಿಗೊಂಚಲಿಗೆ ಸಿಕ್ಕಿಸಿಕೊಳ್ಳುವ, ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು. ಅದರಲ್ಲೊಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ಆರು ಅಂಕಿ. ಅಂಕಿಗಳು ನಿಮಿಷಕ್ಕೊಮ್ಮೆ ಬದಲಾಗುತ್ತವೆ. ಒಳಗೆ ಹೋಗಬೇಕಾದರೆ ನಿಮಗೊಬ್ಬರಿಗೇ ಗೊತ್ತಿರುವ ಪಿನ್, ಅದರ ಬೆನ್ನಿಗೆ ಆ ನಿಮಿಷದ ಆರು ಅಂಕಿ ಹೊಡೆಯಬೇಕು. ಪಿನ್ ತಲೆಯಲ್ಲಿ, ಟೋಕನ್ ಕೈಯಲ್ಲಿ. ಎರಡೂ ಇದ್ದರೆ ಮಾತ್ರ ನೀವು ನೀವೇ ಎಂದು ಯಂತ್ರ ನಂಬುತ್ತದೆ.

ಈ ಟೋಕನ್‌ಗಳನ್ನೆಲ್ಲ ನೋಡಿಕೊಳ್ಳಲು ಒಂದು ಬೇರೆ ಸಾಫ್ಟ್‌ವೇರ್ ಇತ್ತು. ಯಾರಿಗೆ ಯಾವ ಟೋಕನ್, ಪಿನ್ ಮರೆತರೆ ಹೊಸದು ಯಾರು ಕೊಡಬೇಕು, ಟೋಕನ್ ಕಳೆದುಕೊಂಡವನಿಗೆ ತಾತ್ಕಾಲಿಕ ಪಾಸ್‌ವರ್ಡ್ ಎಷ್ಟು ದಿನಕ್ಕೆ, ಎಲ್ಲವೂ ಅದರೊಳಗೆ. ಇವನ್ನು ಮಾಡುವವರೇ ಅಡ್ಮಿನಿಸ್ಟ್ರೇಟರ್‌ಗಳು. ಅವರಿಗೂ ಮಿತಿ ಹಾಕಬಹುದು. ಇವರು ಈ ಊರಿನವರನ್ನು ಮಾತ್ರ ಮುಟ್ಟಬಹುದು, ಇವರು ನೋಡಬಹುದು ಆದರೆ ಬದಲಿಸುವಂತಿಲ್ಲ, ಹೀಗೆ. ಮಿತಿಯಾಚೆಗಿನ ಬಟನ್‌ಗಳು ಅವರ ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಕೂತಿರುತ್ತವೆ.

ಮೊದಲ ಸಲ ನಾನು ಅಚ್ಚುಕಟ್ಟಾಗಿಯೇ ಮಾಡಿದ್ದೆ. ಸೂರತ್ ಮ್ಯಾನೇಜರ್ ಸೂರತ್‌ನವರ ಪಿನ್ ಮಾತ್ರ ಬದಲಿಸಬಹುದು. ತಾತ್ಕಾಲಿಕ ಪಾಸ್‌ವರ್ಡ್ ಬೇಕಾದರೆ ನಮ್ಮನ್ನು ಕೇಳಬೇಕು. ಮಾರನೇ ದಿನ ಬೆಳಿಗ್ಗೆ ಸೂರತ್ ಮ್ಯಾನೇಜರನ ಫೋನ್.

"ಬೆನ್, ನನ್ನ ಪರದೆಯಲ್ಲಿ ಕೆಲವು ಬಟನ್ ಬೂದು ಬಣ್ಣಕ್ಕಿವೆ."

ಬೆನ್ ಎಂದರೆ ಅಕ್ಕ. ಗುಜರಾತಿನಲ್ಲಿ ಯಾವ ಹೆಂಗಸನ್ನೂ ಹಾಗೆಯೇ ಕರೆಯುತ್ತಾರೆ. ಬೈಯುವಾಗಲೂ ಬೆನ್ ಬಿಡುವುದಿಲ್ಲ.

"ಅವು ನಿಮ್ಮ ಕೆಲಸಕ್ಕೆ ಬೇಕಿಲ್ಲ" ಎಂದೆ.

"ಬೇಕಿಲ್ಲ, ಒಪ್ಪಿದೆ. ಆದರೆ ಜಿ.ಎಂ. ಸಾಹೇಬರ ಪರದೆಯಲ್ಲಿ ಇವೆಯೇನು?"

"ಅವರಿಗೂ ಕೆಲವು ಇಲ್ಲ."

"ನನಗಿಂತ ಹೆಚ್ಚಿವೆಯೋ ಕಡಿಮೆಯೋ, ಅಷ್ಟು ಹೇಳಿ."

ಈ ಮ್ಯಾನೇಜರ್ ಕಂಪನಿಯ ಒಡೆಯರಾದ ನಮ್ಮ ಸೇಠರ ತಂಗಿಯ ಮಗ. ಸೋದರಳಿಯನೊಬ್ಬನಿಗೆ ಉಣಬಡಿಸಿದರೆ ನೂರು ಬ್ರಾಹ್ಮಣರಿಗೆ ಉಣಬಡಿಸಿದ ಪುಣ್ಯ ಎನ್ನುವ ನಾಡು ಅದು. ಅಂಥವನಿಗೆ ಬೂದು ಬಟನ್ ಬಡಿಸಿದವಳು ನಾನು. ಸಂಜೆಯೊಳಗೆ ಸೇಠರ ಕೋಣೆಗೆ ಬರಲು ಕರೆ ಬಂತು. ಸೇಠ್ ಕೆಟ್ಟವರಲ್ಲ. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಬೆನ್, ನಮ್ಮದು ಮನೆಯವರ ಕಂಪನಿ. ಪಂಕ್ತಿಯಲ್ಲಿ ಒಬ್ಬರಿಗೆ ಹೋಳಿಗೆ, ಒಬ್ಬರಿಗೆ ಬರೀ ಅನ್ನ ಬಡಿಸುವುದಿಲ್ಲ. ಎಲ್ಲರಿಗೂ ಪೂರ್ತಿ ಕೊಟ್ಟುಬಿಡಿ."

"ಸಾಹೇಬ, ಇದು ಊಟ ಅಲ್ಲ. ಪೂರ್ತಿ ಎಂದರೆ ಯಾರು ಯಾರದನ್ನು ಬೇಕಾದರೂ ತೆಗೆಯಬಹುದು."

"ಯಾರೂ ತೆಗೆಯುವುದಿಲ್ಲ. ಮನೆಯವರೇ ಅಲ್ಲವೇ?"

ಪಕ್ಕದಲ್ಲಿ ಕೂತಿದ್ದ ಜಿ.ಎಂ. ತಲೆಯಾಡಿಸಿದರು. ತಲೆಯಾಡಿಸುವುದು ಅವರ ಮುಖ್ಯ ಕಸುಬು. ನಾನು ಆಕ್ಷೇಪಣೆಯನ್ನು ಇಮೇಲ್‌ನಲ್ಲಿ ಹಾಕಿ, ಹೇಳಿದ ಹಾಗೆ ಮಾಡಿದೆ. ಸೇಠರಿಗೆ ಪೂರ್ತಿ, ಜಿ.ಎಂ.ಗೆ ಪೂರ್ತಿ, ಸೂರತ್‌ಗೆ ಪೂರ್ತಿ. ವಡೋದರಾದ ಮ್ಯಾನೇಜರ್ ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ. "ನನಗೆ ಆ ಸಣ್ಣ ಅಂಕಿ ಕಾಣುವುದಿಲ್ಲ ಬೆನ್, ನನ್ನದನ್ನೆಲ್ಲ ಇಲ್ಲಿ ಕಂಪ್ಯೂಟರ್ ನೋಡುವ ಹುಡುಗಿಗೇ ಕೊಟ್ಟುಬಿಡಿ" ಎಂದರು. ಕೊಟ್ಟೆ. ಹೀಗೆ ವಡೋದರಾದ ಒಬ್ಬ ಕಿರಿಯ ಹುಡುಗಿಯ ಕೈಗೆ ಸೇಠರಷ್ಟೇ ಅಧಿಕಾರ ಬಂತು. ಅವಳ ಮಾತಿಗೆ ಮಾತ್ರ ಆ ಕಚೇರಿಯಲ್ಲಿ ಕವಡೆ ಕಿಮ್ಮತ್ತಿರಲಿಲ್ಲ.

ಆ ಹುಡುಗಿ ನಮ್ಮ ಕಡೆಯವಳು, ವಿಜಾಪುರದವಳು. ಗಂಡ ಕೊಯಾಲಿ ಕಡೆ ಕಾರ್ಖಾನೆಗಳಲ್ಲಿ ಗುತ್ತಿಗೆಯ ಮೇಲೆ ಪೈಪು ಜೋಡಿಸುವ ಕೆಲಸದಲ್ಲಿದ್ದ. ಫೋನಿನಲ್ಲಿ ನನ್ನ ಜೊತೆ ಮೊದಲ ದಿನವೇ ಕನ್ನಡಕ್ಕೆ ಇಳಿದಿದ್ದಳು. "ಅಕ್ಕಾರ, ಇಲ್ಲಿ ಕನ್ನಡ ಮಾತಾಡಾಕ ನೀವೊಬ್ಬರ ಸಿಕ್ಕೀರಿ" ಎಂದಿದ್ದಳು.

ದೀಪಾವಳಿ ಬಂತು. ಗುಜರಾತಿನ ವ್ಯಾಪಾರಿಗಳು ಅಮಾವಾಸ್ಯೆಯ ದಿನ ಹೊಸ ಲೆಕ್ಕದ ಪುಸ್ತಕಗಳನ್ನಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಅಂಗಡಿ ಕಚೇರಿಗಳೆಲ್ಲ ಮುಚ್ಚಿ, ಲಾಭ ಪಂಚಮಿಯ ಮುಹೂರ್ತಕ್ಕೆ ತೆರೆಯುತ್ತವೆ. ಸೂರತ್ ಮ್ಯಾನೇಜರ್ ಆ ವರ್ಷ ಪುಸ್ತಕಗಳ ಜೊತೆಗೆ ಶಾಖೆಯ ಎಲ್ಲ ಟೋಕನ್‌ಗಳನ್ನೂ ತಟ್ಟೆಯಲ್ಲಿ ಜೋಡಿಸಿ ಪೂಜೆ ಮಾಡಿಸಿದ. ವ್ಯಾಪಾರದ ಕೀಲಿಕೈ ಅಲ್ಲವೇ, ಲಕ್ಷ್ಮಿಯ ಮುಂದೆ ಇಡಬೇಡವೇ. ಒಂದೊಂದರ ಮೇಲೂ ಕುಂಕುಮದ ಬೊಟ್ಟು. ಬೊಟ್ಟು ಇಟ್ಟದ್ದು ಸರಿಯಾಗಿ ಅಂಕಿ ಕಾಣುವ ಕಿಟಕಿಯ ಮೇಲೆ. ಪೂಜೆ ಮುಗಿದ ಮೇಲೆ ತಟ್ಟೆ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದ. ಪಂಚಮಿಗೆ ಮುಂಚೆ ಆ ಬೀರು ತೆಗೆಯುವಂತಿಲ್ಲ.

ಪೂಜೆಯ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಮನೆಯಲ್ಲೂ ಆಯುಧ ಪೂಜೆಗೆ ಸ್ಕೂಟರಿಗೆ ಕುಂಬಳಕಾಯಿ ಒಡೆಯುತ್ತೇವೆ. ಆದರೆ ಒಡೆದ ಮೇಲೆ ಸ್ಕೂಟರ್ ಹತ್ತುತ್ತೇವೆ.

ಮಾರನೇ ದಿನ ಅವರ ಹೊಸ ವರ್ಷ, ಬೇಸ್ತು ವರಸ್. ನಮಗೆ ಅದೇ ಬಲಿಪಾಡ್ಯಮಿ. "ನಿಮಗೇನು ಬೇಸ್ತು ವರಸ್ ಇಲ್ಲವಲ್ಲ" ಎಂದು ವಡೋದರಾ ಕಚೇರಿಯಲ್ಲಿ ಹಬ್ಬದ ಪಾಳಿಗೆ ಆ ಹುಡುಗಿಯನ್ನು ಕೂರಿಸಿದ್ದರು. ಅವಳಿಗೂ ಅಂದು ಹಬ್ಬ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವತ್ತೇ ಸೂರತ್‌ನ ಒಂದು ಕಾರ್ಖಾನೆಗೆ ತುರ್ತಾಗಿ ಟ್ಯಾಂಕರ್ ಬೇಕಾಯಿತು. ಆದೇಶ ಹೊರಡಿಸಲು ಟೋಕನ್ ಬೇಕು, ಟೋಕನ್ ಲಕ್ಷ್ಮಿಯ ಹತ್ತಿರ. ಮ್ಯಾನೇಜರ್ ವಡೋದರಾಕ್ಕೆ ಫೋನ್ ಹಚ್ಚಿದ.

"ಸಾಲ್ ಮುಬಾರಕ್ ಬೆನ್. ಸ್ವಲ್ಪ ನಿಮ್ಮ ನಂಬರ್ ಹೇಳಿ."

ಅವಳು ಹೇಳಿದಳು. ಪಿನ್ ಕೇಳಿದ, ಅದನ್ನೂ ಹೇಳಿದಳು. ಅವನು ಸೂರತ್‌ನಲ್ಲಿ ಕೂತು ಅವಳ ಹೆಸರಿನಲ್ಲಿ ಒಳಗೆ ಹೋಗಿ, ತನ್ನ ಶಾಖೆಯ ರವಾನೆ ಖಾತೆಗೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟುಕೊಂಡ. ಯಾವತ್ತಿನ ತನಕ ಎಂಬ ಜಾಗವನ್ನು ಖಾಲಿ ಬಿಟ್ಟ. ಖಾಲಿ ಬಿಟ್ಟರೆ ಅದಕ್ಕೆ ಕೊನೆಯೇ ಇಲ್ಲ.

ಪಂಚಮಿ ಬಂತು, ಬೀರು ತೆರೆಯಿತು, ಟೋಕನ್‌ಗಳು ಹೊರಗೆ ಬಂದವು. ಯಾರೂ ಮುಟ್ಟಲಿಲ್ಲ. ಬದಲಾಗದ ಪಾಸ್‌ವರ್ಡ್ ಬಾಯಿಗೆ ಬಂದಿತ್ತು, ನಿಮಿಷಕ್ಕೊಮ್ಮೆ ಬದಲಾಗುವ ಅಂಕಿಯ ರಗಳೆ ಯಾರಿಗೆ ಬೇಕು. ಟ್ಯಾಂಕರ್‌ಗಳನ್ನು ಬಾಡಿಗೆಗೆ ಒದಗಿಸುವ ಏಜೆಂಟನಿಗೂ ಹೇಳಿದರು, ಆತ ತನ್ನ ಕಚೇರಿಯಿಂದಲೇ ಆದೇಶ ತುಂಬಿಸತೊಡಗಿದ. ಒಂದು ದಿನ ಆತ, ಸೂರತ್‌ನಿಂದಲೇ ಸರಕು ಹೋಗುತ್ತಿದ್ದ ಎರಡು ಗಿರಾಕಿಗಳ ಹೆಸರು ಅದಲುಬದಲು ಮಾಡಿದ. ದ್ರಾವಕ ಬೇಕಿದ್ದ ಕೊಯಾಲಿ ಕಡೆಯ ಅದೇ ದೊಡ್ಡ ಗಿರಾಕಿಯ ಗೇಟಿಗೆ ಆಮ್ಲದ ಟ್ಯಾಂಕರ್ ಹೋಗಿ ನಿಂತಿತು. ಅವರು ಗೇಟಿನಲ್ಲೇ ಮಾದರಿ ತೆಗೆದು ಪರೀಕ್ಷೆ ಮಾಡುವವರು, ಹಾಗಾಗಿ ತಡೆದರು. ಆ ಆಮ್ಲ ದ್ರಾವಕದ ಟ್ಯಾಂಕಿಗೆ ಇಳಿದಿದ್ದರೆ ಕುದಿದು ಸಿಡಿದು ಸುತ್ತ ನಿಂತವರ ಮೈಮೇಲೆ ಬೀಳುತ್ತಿತ್ತು.

ಗಿರಾಕಿಯ ಕಡೆಯಿಂದ ತಪಾಸಣೆಗೆ ಬರುತ್ತೇವೆ ಎಂದು ಸುದ್ದಿ ಬಂತು. ಜಿ.ಎಂ. ನನ್ನನ್ನು ಕರೆದರು. ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟವರು ಯಾರು ಎಂದು ನೋಡಲು ಹೇಳಿದರು. ನೋಡಿದೆ. ವಡೋದರಾದ ಹುಡುಗಿಯ ಹೆಸರಿತ್ತು.

"ಹಬ್ಬದ ದಿನ ಅವಳಿಗೆ ಸೂರತ್ ಖಾತೆಯ ಉಸಾಬರಿ ಏಕೆ?" ಎಂದು ನಾನೇ ಸೂರತ್‌ಗೆ ಫೋನ್ ಮಾಡಿ ಕೇಳಿದೆ. ಮ್ಯಾನೇಜರ್ ಏನನ್ನೂ ಮುಚ್ಚಿಡಲಿಲ್ಲ. ನಗುತ್ತಲೇ ನಡೆದದ್ದನ್ನೆಲ್ಲ ಹೇಳಿದ. "ಒಳ್ಳೆಯ ಹುಡುಗಿ ಬೆನ್, ಒಂದು ಮಾತು ಎದುರಾಡಲಿಲ್ಲ" ಎಂದು ಪ್ರಶಸ್ತಿ ಬೇರೆ ಕೊಟ್ಟ.

ಇದನ್ನು ಜಿ.ಎಂ.ಗೆ ಹೇಳಿದರೆ ಅವರಿಗೆ ಆಗಲೇ ಗೊತ್ತಿತ್ತು.

"ಅವರು ಸೇಠರ ಸೋದರಳಿಯ, ಬೆನ್. ತಪಾಸಣೆಯವರಿಗೆ ಒಂದು ಹೆಸರು ಬೇಕು. ಯಂತ್ರದಲ್ಲಿ ಯಾರ ಹೆಸರಿದೆಯೋ ಅದನ್ನೇ ಕೊಡೋಣ. ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ವರದಿ ಮಾಡಿ, ನೀವು ಸಹಿ ಹಾಕಿ. ವ್ಯವಸ್ಥೆಯ ಜವಾಬ್ದಾರಿ ನಿಮ್ಮದಲ್ಲವೇ?"

"ಮಾಡಿದವರು ಯಾರು ಎಂದು ನಮಗಿಬ್ಬರಿಗೂ ಗೊತ್ತು."

"ಗೊತ್ತಿರುವುದು ಬೇರೆ, ವರದಿ ಬೇರೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಬರೆ ಹಾಕುವ ಸಲಾಕೆಯನ್ನು ನನ್ನ ಕೈಗೆ ಕೊಟ್ಟು, ಕಾಯಿಸುವ ಕೆಲಸವೂ ನಿನ್ನದೇ ಎಂದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತೇನೋ. "ನಾಳೆ ವಡೋದರಾಕ್ಕೆ ಹೋಗಿ ಬಂದು ಹೇಳುತ್ತೇನೆ" ಎಂದಷ್ಟೇ ಹೇಳಿ ಎದ್ದೆ.

ಬೆಳಗಿನ ಗಾಡಿಗೆ ಹೊರಟೆ. ಆಲ್ಕಾಪುರಿಯ ಕಚೇರಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟೇ ದೂರ. ಹುಡುಗಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮ್ಯಾನೇಜರ್ ಅವಳನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಕಣ್ಣು ಊದಿಕೊಂಡಿದ್ದವು. ಅವಳನ್ನು ಕರೆದುಕೊಂಡು ಕೆಳಗಿನ ಹೋಟೆಲಿನಲ್ಲಿ ಕೂತೆ. ಚಹಾ ಹೇಳಿದೆ. ಅವಳು ಲೋಟ ಮುಟ್ಟಲಿಲ್ಲ.

"ಪಿನ್ ಯಾಕ ಹೇಳಿದಿ?" ಎಂದೆ. ನನ್ನ ದನಿ ಗಟ್ಟಿಯಾಗಿಯೇ ಬಂತು.

"ಸೇಠರ ಮನಿಯವ್ರು ಕೇಳ್ಯಾರ. ಹಬ್ಬದ ದಿನಾ. ಹೆಂಗ ಇಲ್ಲ ಅನ್ಲಿ ಅಕ್ಕಾರ?"

"ಬಾಯಿಲೆ ಅನ್ನಬೇಕು. ಇಲ್ಲ ಅಂದ್ರ ಏನು ನುಂಗತಿದ್ದನೇನು?"

"ನೀವ್ ಅನ್ತೀರಿ. ನಿಮಗ ಸಿಟ್ಟು ಬರ್ತದ, ನಿಮ್ಮನ್ನ ಕಂಡ್ರ ಅಂಜತಾರ. ನನಗ ಯಾರ ಅಂಜತಾರ್ರೀ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೆಲಸಾ ಹೋದ್ರ ಹೋಗ್ಲಿ ಅನ್ನಂಗಿಲ್ಲ. ಈ ಹೆಸರು ಹಚ್ಚಿ ಕಳಿಸಿದ್ರ ಈ ಭಾಗದಾಗ ನನಗ ಯಾರೂ ಕೆಲಸಾ ಕೊಡೂದಿಲ್ಲ. ಮತ್ತ ಆ ಟ್ಯಾಂಕರ್ ಹೋಗಿ ನಿಂತಿತ್ತಲ್ರೀ, ಆ ಕಾರ್ಖಾನಿ ಒಳಗ ಅವತ್ತು ನಮ್ಮ ಮನಿಯವ್ರ ಇದ್ರು. ಪೈಪ್ ಕೆಲಸಕ್ಕ. ಅವರ ಮ್ಯಾಲೆ ನಾನ ಆಮ್ಲ ಕಳಿಸಿದೆ ಅಂತ ಬರೀತಾರೇನ್ರೀ?"

ತಣ್ಣಗಾಗುತ್ತಿದ್ದ ಲೋಟವನ್ನು ಅವಳ ಕಡೆ ಸರಿಸಿದೆ.

"ಒಂದ ಕೆಲಸಾ ಮಾಡ್ರಿ ಅಕ್ಕಾರ" ಎಂದಳು ಆಮೇಲೆ. "ನನ್ನ ಅಧಿಕಾರ ಎಲ್ಲಾ ತಗದುಬಿಡ್ರಿ. ಎಲ್ಲಾ ಬಟನ್ ಬೂದಿ ಬಣ್ಣ ಮಾಡ್ರಿ. ಯಾರರ ಕೇಳಿದ್ರ, ನನಗ ಬರಂಗಿಲ್ಲ, ಮಶೀನ್ ಬಿಡಂಗಿಲ್ಲ ಅಂತೀನಿ. ಮಶೀನ್ ಇಲ್ಲ ಅಂದ್ರ ಯಾರೂ ಸಿಟ್ಟಾಗಂಗಿಲ್ಲ."

ವಾಪಸು ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು ಈ ಮಾತನ್ನೇ ತಿರುವಿ ಹಾಕಿದೆ. ಸೋದರಳಿಯನಿಗೆ ಬೂದು ಬಟನ್ ಅವಮಾನ, ಇವಳಿಗೆ ಅದು ಆಸರೆ. ನಾನು ಸಹಿ ಹಾಕದಿದ್ದರೆ ಏನಾಗುತ್ತದೆ ಎಂದೂ ಯೋಚಿಸಿದೆ. ನನ್ನನ್ನು ಬದಿಗಿಟ್ಟು ಜಿ.ಎಂ. ಸಹಿ ಹಾಕುತ್ತಾರೆ, ಹುಡುಗಿ ಹೋಗುತ್ತಾಳೆ, ನನ್ನ ಸಿಟ್ಟು ನನ್ನ ಹತ್ತಿರವೇ ಉಳಿಯುತ್ತದೆ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಸುಮ್ಮನೆ ಹೇಳಿಲ್ಲ.

ಮನೆಯಲ್ಲಿ ಅಡುಗೆಮನೆಯ ಪಾತ್ರೆಗಳು ಕುಕ್ಕುವ ಸದ್ದು ಕೇಳಿ ಮಗಳು ಅಪ್ಪನ ಹತ್ತಿರ ಹೋಗಿ "ಮಮ್ಮಿ ಗುಸ್ಸೇ ಮೇ ಹೈ" ಎಂದು ಹೇಳಿದಳು. ಅಮ್ಮನಿಗೆ ಸಿಟ್ಟು ಬಂದಿದೆ ಎನ್ನಲೂ ಅವಳಿಗೆ ಕನ್ನಡಕ್ಕಿಂತ ಹಿಂದಿ ಸಲೀಸು. ಗಂಡ ಬಂದು ಬಾಗಿಲಿಗೆ ಒರಗಿ ನಿಂತ. ಎಲ್ಲ ಹೇಳಿದೆ.

"ನಮ್ಮ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ ಇರ್ತಾವ" ಎಂದ. "ಒಂದು ಮ್ಯಾನೇಜರ್ ಕಡೆ, ಒಂದು ಕ್ಯಾಶಿಯರ್ ಕಡೆ. ಮ್ಯಾನೇಜರ್ ದೊಡ್ಡಾಂವ ಅಂತ ಅವನ ಕೈಯಾಗ ಎರಡೂ ಕೊಡೂದಿಲ್ಲ. ಕೊಟ್ರ ಸಾಯೂದು ಕ್ಯಾಶಿಯರ್. ನೀವು ಎಲ್ಲಾರಿಗೂ ಎರಡೆರಡೂ ಕೊಟ್ಟು ಕೂತೀರಿ."

"ನಾನ್ ಕೊಟ್ಟಿಲ್ಲ, ಕೊಡಿಸ್ಯಾರ" ಎಂದು ಅವನ ಮೇಲೂ ಹರಿಹಾಯ್ದೆ. ಆದರೆ ಎರಡು ಕೀಲಿ ತಲೆಯಲ್ಲಿ ಕೂತಿತು. ಅದರ ಜೊತೆಗೆ ಇನ್ನೊಂದು ವಿಷಯವೂ ನೆನಪಾಯಿತು. ಸೇಠರ ಟೋಕನ್ ಸೇಠರ ಹತ್ತಿರ ಇರಲಿಲ್ಲ. ಅದನ್ನು ಅವರ ಸೆಕ್ರೆಟರಿ ತನ್ನ ಸ್ಕೂಟರ್ ಕೀಲಿಯ ಜೊತೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದನ್ನು ನಾನು ದಿನಾ ನೋಡುತ್ತಿದ್ದೆ. ಸಹಿ ಹಾಕುವುದಿಲ್ಲ ಎಂದು ಕೋಣೆಯ ಹೊರಗೆ ಜಗಳ ಮಾಡುವುದಕ್ಕಿಂತ, ಕೋಣೆಯ ಒಳಗೆ ತಪಾಸಣೆಯವರ ಎದುರಿಗೇ ಸೇಠರ ಕೈಗೆ ಕೀಬೋರ್ಡ್ ಕೊಡುವುದು ಎಂದು ಅವತ್ತು ನಿಶ್ಚಯ ಮಾಡಿದೆ. ಕೆಲಸ ಹೋದರೂ ಹೋಗಲಿ ಎಂಬಷ್ಟು ಸಿಟ್ಟು ನನಗೆ ಬಂದಿತ್ತು. ಜಿ.ಎಂ.ಗೆ ಮಾತ್ರ, ಸಹಿಯ ಮಾತು ತಪಾಸಣೆಯ ದಿನ ನೋಡೋಣ ಎಂದೆ.

ತಪಾಸಣೆಗೆ ಇಬ್ಬರು ಬಂದರು. ಹಿರಿಯರು ಮೆತ್ತಗಿನ ಮಾತಿನವರು, ಜೊತೆಯವರು ಬರೆದುಕೊಳ್ಳುವವರು. ಇತ್ತ ಕಡೆ ಸೇಠ್, ಜಿ.ಎಂ., ಸೂರತ್‌ನಿಂದ ಬಂದಿದ್ದ ಸೋದರಳಿಯ, ನಾನು. ಗೋಡೆಯ ಮೇಲೆ ನನ್ನ ಕಂಪ್ಯೂಟರಿನ ಪರದೆ ದೊಡ್ಡದಾಗಿ ಬೀಳುವ ಹಾಗೆ ಪ್ರೊಜೆಕ್ಟರ್ ಹಾಕಿದ್ದೆ. ಜಿ.ಎಂ. ಶುರು ಮಾಡಿದರು.

"ತಪ್ಪು ಯಾರದ್ದೆಂದು ಪತ್ತೆಯಾಗಿದೆ. ವಡೋದರಾದ ಉದ್ಯೋಗಿಯೊಬ್ಬಳು ತನ್ನ ಪಿನ್ ಮತ್ತು ನಂಬರನ್ನು ಬೇರೆಯವರಿಗೆ ಹೇಳಿದ್ದಾಳೆ. ಅವಳನ್ನು ತೆಗೆಯುತ್ತಿದ್ದೇವೆ."

ಬೇರೆಯವರು ಯಾರು ಎಂದು ಹಿರಿಯರು ಕೇಳುವಷ್ಟರಲ್ಲಿ ನಾನು ಬಾಯಿ ಹಾಕಿದೆ.

"ಅದಕ್ಕೆ ಮುಂಚೆ ಅಧಿಕಾರಗಳನ್ನು ಹೊಸದಾಗಿ ಹಂಚುವುದನ್ನು ತೋರಿಸುತ್ತೇನೆ. ಪೂರ್ತಿ ಅಧಿಕಾರ ಇರುವವರ ಲಾಗಿನ್‌ನಿಂದ ಮಾಡಬೇಕು. ಸೇಠ್ ಸಾಹೇಬರೇ ಮಾಡಿದರೆ ಶೋಭೆ."

ಸೇಠರಿಗೆ ಸಂತೋಷವಾಯಿತು. ಕುರ್ಚಿ ಮುಂದೆ ಎಳೆದುಕೊಂಡು ಕೂತರು. ಪರದೆಯಲ್ಲಿ ಅವರ ಹೆಸರು, ಅದರ ಕೆಳಗೆ ಖಾಲಿ ಜಾಗ. ಕೈ ಜೇಬಿಗೆ ಹೋಯಿತು, ಬರಿಗೈ ಬಂತು. ಬಾಗಿಲ ಕಡೆ ತಿರುಗಿ ಸೆಕ್ರೆಟರಿಯನ್ನು ಕರೆದರು.

"ನಂಬರ್ ಹೇಳಿ."

ಸೆಕ್ರೆಟರಿ ಸ್ಕೂಟರ್ ಕೀಲಿ ಹಿಡಿದೇ ಒಳಗೆ ಬಂದ. ಟೋಕನ್ ಕಣ್ಣಿನ ಹತ್ತಿರ ತಂದು ಒಂದೊಂದೇ ಅಂಕಿ ಓದಿದ. ಓದಿ ಮುಗಿಸಿ, ಬಹಳ ವಿನಯದಿಂದ, "ಪಿನ್ ಹಳೆಯದೇ ಸಾಹೇಬ, ನಿಮ್ಮ ಕಾರಿನ ನಂಬರು" ಎಂದು ನೆನಪಿಸಿದ.

ಬರೆದುಕೊಳ್ಳುತ್ತಿದ್ದವರ ಪೆನ್ನು ನಿಂತಿತು. ಸೇಠರ ಬೆರಳು ಮಾತ್ರ ಇನ್ನೂ ಅಂಕಿ ಹೊಡೆಯುತ್ತಿತ್ತು. ಒಳಗೆ ಹೋದರು. ಎಲ್ಲ ಬಟನ್‌ಗಳೂ ಗೋಡೆಯ ಮೇಲೆ ಗಾಢ ಕಪ್ಪು ಅಕ್ಷರದಲ್ಲಿ ಎದ್ದು ಕಂಡವು.

"ಸಾಹೇಬ" ಎಂದೆ. "ವಡೋದರಾದ ಹುಡುಗಿ ಮಾಡಿದ್ದು ಇಷ್ಟೇ. ಸೂರತ್‌ನಿಂದ ದೊಡ್ಡವರು ಫೋನ್ ಮಾಡಿ ನಂಬರ್ ಹೇಳಿ ಎಂದರು, ಹೇಳಿದಳು. ಅವಳನ್ನು ತೆಗೆಯುವುದಾದರೆ ನಿಮ್ಮ ಸೆಕ್ರೆಟರಿಯನ್ನೂ ತೆಗೆಯಬೇಕಾಗುತ್ತದೆ."

ಸೆಕ್ರೆಟರಿಯ ಮುಖ ಬಿಳಿಚಿಕೊಂಡಿತು. ಪಾಪ, ಅವನಿಗೆ ತಾನು ಮಾಡಿದ ಅಪರಾಧವೇ ಗೊತ್ತಿರಲಿಲ್ಲ. ಜಿ.ಎಂ. ಮೊದಲ ಬಾರಿಗೆ ತಲೆಯಾಡಿಸುವುದನ್ನು ನಿಲ್ಲಿಸಿದ್ದರು. ಸೇಠ್ ಗೋಡೆಯನ್ನೇ ನೋಡುತ್ತ ಕೂತರು. ಆಮೇಲೆ ಸೋದರಳಿಯನ ಕಡೆ ತಿರುಗಿದರು.

"ನೀನು ಫೋನ್ ಮಾಡಿ ಕೇಳಿದ್ದಾ?"

"ಹೌದು ಮಾಮಾ."

"ಪಿನ್ ಕೂಡ ಕೇಳಿದೆಯಾ?"

"ಪಿನ್ ಇಲ್ಲದೆ ಬರೀ ನಂಬರಿನಿಂದ ಏನಾಗುತ್ತೆ ಮಾಮಾ?"

ಅವನು ಮುಗ್ಧವಾಗಿಯೇ ಹೇಳಿದ. ಹಿರಿಯ ತಪಾಸಣೆಗಾರರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೇಠ್, ನಮಗೆ ಯಾರ ಹೆಸರೂ ಬೇಡ" ಎಂದರು. "ಹೆಸರು ಕೊಟ್ಟರೆ ನಾಳೆ ಇನ್ನೊಬ್ಬ ಹುಡುಗಿ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಯಾರ ಕೈಯಿಂದ ಏನು ತೆಗೆಯುತ್ತೀರಿ, ಅದನ್ನು ತೋರಿಸಿ."

ತೋರಿಸಿದೆ. ಅವರೆಲ್ಲರ ಎದುರಿಗೇ ಮಾಡಿದೆ. ಮೂರು ಊರಿನ ಅಡ್ಮಿನಿಸ್ಟ್ರೇಟರ್‌ಗಳ ಅಧಿಕಾರಪಟ್ಟಿ ತೆರೆದು, ನೋಡುವುದೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ತೆಗೆದೆ. ಯಾರಿಗಾದರೂ ತಾತ್ಕಾಲಿಕ ಪಾಸ್‌ವರ್ಡ್ ಬೇಕಾದರೆ ಅವರ ಮೇಲಿನವರು ಫೋನ್ ಮಾಡಿ ಕೇಳಬೇಕು. ಕೊಡುವವರು ಬೇರೆ ಇರಬೇಕು. ಕೇಳುವವರು ಕೊಡುವಂತಿಲ್ಲ, ಕೊಡುವವರು ತಮಗೆ ತಾವೇ ಕೇಳಿಕೊಳ್ಳುವಂತಿಲ್ಲ. ಕೊನೆಯ ದಿನ ನಮೂದಿಸದೆ ಪಾಸ್‌ವರ್ಡ್ ಹುಟ್ಟುವಂತಿಲ್ಲ. ಸೂರತ್‌ನ ಆ ಕೊನೆಯಿಲ್ಲದ ಪಾಸ್‌ವರ್ಡನ್ನೂ ಅಳಿಸಿದೆ. ನನ್ನ ಹೆಸರಿನ ಮುಂದಿದ್ದುದನ್ನೂ ತೆಗೆದೆ. ಹೊಸ ಅಡ್ಮಿನಿಸ್ಟ್ರೇಟರ್‌ಗಳನ್ನು ಮಾಡುವ ಪೂರ್ತಿ ಅಧಿಕಾರ ಒಂದೇ ಒಂದು ಟೋಕನ್‌ಗೆ. ಆ ಟೋಕನ್ ಸೇಠರ ತಿಜೋರಿಯಲ್ಲಿ, ಅದರ ಪಿನ್ ನನ್ನ ತಲೆಯಲ್ಲಿ. ಗಂಡನ ಬ್ಯಾಂಕಿನ ಎರಡು ಕೀಲಿ.

"ನನ್ನದೂ ತೆಗೆಯುತ್ತೀರಾ?" ಎಂದರು ಸೇಠ್.

"ನಿಮ್ಮದೂ, ಸಾಹೇಬ."

ಗೋಡೆಯ ಮೇಲೆ ಅವರ ಹೆಸರಿನ ಕೆಳಗಿನ ಬಟನ್‌ಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಅವರು ಕೊನೆಯದರ ತನಕ ನೋಡಿದರು.

"ನೋಡುವುದಕ್ಕಾದರೂ ಬಿಡುತ್ತೀರಲ್ಲ?"

"ನೋಡುವುದಕ್ಕೆ ಎಲ್ಲವೂ ಕಾಣುತ್ತದೆ."

"ಹಾಗಾದರೆ ಆ ಹುಡುಗಿಗೆ ಕೆಲಸಕ್ಕೆ ಬರಲು ಹೇಳಿ" ಎಂದು ಎದ್ದರು. ಬಾಗಿಲ ಹತ್ತಿರ ನಿಂತು ಸೆಕ್ರೆಟರಿಯ ಮುಂದೆ ಅಂಗೈ ಚಾಚಿದರು. ಅವನು ಗೊಂಚಲಿ​ನಿಂದ ಟೋಕನ್ ಬಿಡಿಸಿ ಕೊಟ್ಟ.

ಪಾಸ್‌ವರ್ಡ್ ಕೊಡುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಉಳಿದಿತ್ತು. ಮೂರೂ ಊರಿಗೆ ಅದನ್ನು ವಡೋದರಾದ ಹುಡುಗಿಗೇ ಕೊಟ್ಟೆ. ಜಿ.ಎಂ.ಗೆ ಅದು ನನ್ನ ಹಟ ಎನ್ನಿಸಿತು. ಹಟವೇ ಸರಿ. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಅವರ ಮೇಜಿನಲ್ಲೇ ಉಳಿಯಿತು. ಅದರ ಸಿಟ್ಟೂ ನನಗಿದೆ, ಆದರೆ ಅದು ಬೇರೆ ಕಥೆ.

ಹುಡುಗಿಗೆ ಫೋನ್ ಮಾಡಿ ತಿಳಿಸಿದಾಗ ಅವಳು ಅಳಲಿಕ್ಕೆ ಶುರು ಮಾಡಿದಳು.

"ತಗೀರಿ ಅಂದ್ರ ಇನ್ನಷ್ಟು ಹಾಕಿದ್ರೇನ್ರೀ ಅಕ್ಕಾರ ತಲಿ ಮ್ಯಾಲೆ?"

"ಹೂಂ, ಹಾಕೀನಿ. ಮಶೀನ್ ಇಲ್ಲ ಅನ್ನೂದಿಲ್ಲ ಇನ್ನ. ನೀನ ಅನ್ನಬೇಕು. ಮೇಲಿನವರ ಫೋನ್ ಬರದ ಯಾರಿಗೂ ಕೊಡಬ್ಯಾಡ. ದನಿ ಗುರ್ತು ಅದ, ಮಂದಿ ಗುರ್ತು ಅದಾರ ಅಂತ ಕೊಟ್ಟಿ ಅಂದ್ರ ಗಾಡಿ ಹತ್ತಿ ಬಂದು ಬಡೀತೀನಿ."

ಮೊದಮೊದಲು ಅವಳು ಪ್ರತಿ ಸಲವೂ ನನಗೆ ಫೋನ್ ಮಾಡಿ, "ಇಲ್ಲ ಅನ್ಲೇನ್ರೀ?" ಎಂದು ಕೇಳುತ್ತಿದ್ದಳು. ಸೂರತ್ ಮ್ಯಾನೇಜರ್ ಎರಡು ಸಲ ಪ್ರಯತ್ನ ಮಾಡಿ, ಅವಳ ತಡವರಿಸುವ ಇಲ್ಲಕ್ಕೆ ಬೇಸತ್ತು ಬಿಟ್ಟ. ಬರಬರುತ್ತ ನನಗೆ ಬರುವ ಫೋನ್ ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಟೋಕನ್ ಮನೆಯಲ್ಲಿ ಬಿಟ್ಟು ಬಂದಿದ್ದೆ. ಸರ್ವರ್‌ನಲ್ಲಿ ತುರ್ತು ಕೆಲಸವಿತ್ತು. ಹೊರಗೆ ಅಹಮದಾಬಾದಿನ ಬಿಸಿಲು ನೆಲ ಸುಡುತ್ತಿತ್ತು. ವಡೋದರಾಕ್ಕೆ ಫೋನ್ ಹಚ್ಚಿದೆ.

"ಒಂದ ತಾಸಿನ ಮಟ್ಟಿಗೆ ನನಗೊಂದು ಪಾಸ್‌ವರ್ಡ್ ಕೊಡು."

"ಜಿ.ಎಂ. ಸಾಹೇಬರ ಕಡಿಂದ ಫೋನ್ ಮಾಡಸ್ರಿ ಅಕ್ಕಾರ."

"ಅವರು ಮುಂಬಯಿಗೆ ಹೋಗ್ಯಾರ. ವಿಮಾನದಾಗ ಇದ್ದಾರು."

"ಹಂಗಾರ ಇಳದ ಮ್ಯಾಲೆ ಮಾಡಸ್ರಿ."

"ಲೇ, ನಾನ್ ಯಾರು ಗೊತ್ತಾತಿಲ್ಲ ನಿನಗ?"

"ಗೊತ್ತಾತ್ರೀ. ದನಿ ಗುರ್ತು ಹತ್ತೇದ. ಆಗೂದಿಲ್ರಿ."

ತಡವರಿಕೆ ಇರಲಿಲ್ಲ. ಕ್ಷಮಿಸಿ ಎಂದೂ ಹೇಳಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇವಳಿಗಾಗಿ ನಾನು ಏನೆಲ್ಲ ಮಾಡಿದೆ, ಬಡ್ತಿ ಕಳೆದುಕೊಂಡೆ, ಒಂದು ಪಾಸ್‌ವರ್ಡ್‌ಗೆ ಇವಳು ನನಗೇ ಇಲ್ಲ ಅನ್ನುತ್ತಾಳಲ್ಲ ಎಂದು ಗೊಣಗುತ್ತ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಬೈದೆ. ಟೋಕನ್ ದೇವರ ಮನೆಯ ಮಾಡದಲ್ಲಿತ್ತು, ಬೆಳಿಗ್ಗೆ ಕೈಮುಗಿಯುವಾಗ ನಾನೇ ಇಟ್ಟಿದ್ದೆ. ಅದನ್ನು ಎತ್ತಿಕೊಂಡು ಅಷ್ಟೂ ಬಿಸಿಲಿನಲ್ಲಿ ಮರಳಿ ಬಂದು, ಬೆವರು ಒರೆಸಿಕೊಳ್ಳುತ್ತ ಆರು ಅಂಕಿ ಹೊಡೆದು ಒಳಗೆ ಹೋದೆ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಟೋಕನ್ ಸಿಕ್ಕಿತೇನ್ರೀ ಅಕ್ಕಾರ?"

"ಸಿಕ್ತು. ಫೋನ್ ಇಡು" ಎಂದೆ. ಆದರೆ ನಾನೂ ಇಡಲಿಲ್ಲ, ಅವಳೂ ಇಡಲಿಲ್ಲ.